ಹಿತ್ತಲ ಗಿಡ ಮದ್ದಾದ ಬಗೆ

ವಿನ್‌ಕ್ರಿಸ್ಟಿನ್ ಸೀಸೆ ನೋಡಲು ಏನೂ ಅಲ್ಲ. ಕಿರುಬೆರಳಿನಷ್ಟು ಗಾಜು, ಒಳಗೆ ನೀರಿನಂಥ ಒಂದು ಮಿಲಿಲೀಟರ್ ದ್ರವ, ಅದರಲ್ಲಿ ಕರಗಿರುವುದು ಒಂದೇ ಒಂದು ಮಿಲಿಗ್ರಾಂ ಔಷಧ. ಫ್ರಿಜ್ಜಿನಲ್ಲಿಡಬೇಕು. ಲೇಬಲ್ಲಿನ ಮೇಲೆ ಕಣ್ಣಿಗೆ ರಾಚುವಂತೆ ಎಚ್ಚರಿಕೆ: ರಕ್ತನಾಳಕ್ಕೆ ಮಾತ್ರ, ಬೇರೆ ದಾರಿಯಲ್ಲಿ ಕೊಟ್ಟರೆ ಸಾವು. ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ಚಿಕಿತ್ಸೆಯ ಮೊದಲ ತಿಂಗಳು ವಾರಕ್ಕೊಮ್ಮೆ ಈ ಸೀಸೆ ಹೊರಗೆ ಬರುತ್ತದೆ. ಅದೇ ವಾರ್ಡಿನ ಕಾರಿಡಾರಿನಲ್ಲಿ ಕೂತ ಅಪ್ಪನ ಫೋನಿಗೆ ಊರಿನಿಂದ ಒಂದು ಸಂದೇಶ ಬಂದಿರುತ್ತದೆ: ಲಕ್ಷ್ಮಣಫಲದ ಎಲೆ ಕುದಿಸಿ ಕುಡಿಸಿ, ಬ್ಲಡ್ ಕ್ಯಾನ್ಸರ್ ಬುಡಸಮೇತ ಹೋಗುತ್ತೆ, ಇಂಗ್ಲಿಷ್ ಮದ್ದೆಲ್ಲ ವಿಷ. ಆ ಇಂಗ್ಲಿಷ್ ಮದ್ದನ್ನು ತೆಗೆದದ್ದು ತನ್ನ ಮನೆಯ ಬಾವಿಕಟ್ಟೆಯ ಬಳಿ ವರ್ಷವಿಡೀ ಹೂ ಬಿಡುವ ಕಾಶಿ ಕಣಗಿಲೆಯಿಂದ ಎಂದು ಆತನಿಗೆ ಯಾರೂ ಹೇಳಿರುವುದಿಲ್ಲ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಹತ್ತಿರದ್ದನ್ನು ಕಡೆಗಣಿಸುವವರನ್ನು ಚುಚ್ಚಲು ಬಳಸುತ್ತೇವೆ. ರಕ್ತದ ಕ್ಯಾನ್ಸರಿನ ಮಟ್ಟಿಗೆ ಆ ಗಾದೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹಿತ್ತಲ ಗಿಡ ಮದ್ದಾಗಿದೆ, ಅರವತ್ತು ವರ್ಷಗಳಿಂದ ಆಸ್ಪತ್ರೆಯಲ್ಲೇ ಇದೆ. ಗಿಡ ಮದ್ದಾಗುವ ಹೊತ್ತಿಗೆ ಅದರಲ್ಲಿ ಗಿಡ ಎನ್ನುವುದು ಎಷ್ಟು ಉಳಿದಿರುತ್ತದೆ ಎಂಬುದೇ ನಿಜವಾದ ಪ್ರಶ್ನೆ. ಸಸ್ಯಸಾರಗಳ ಮೇಲಿನ ಸಂಶೋಧನೆಯ ರಾಶಿಯನ್ನು ಓದುವಾಗಲೆಲ್ಲ ನನಗೆ ಇದೇ ಎದುರಾಗುತ್ತದೆ. ಅಡುಗೆಮನೆಯ ಕಷಾಯ, ಪ್ರಯೋಗಾಲಯದಲ್ಲಿ ಮೆಥನಾಲಿಗೆ ಇಳಿಸಿದ ಹಸಿರು ದ್ರಾವಣ, ಕಾರ್ಖಾನೆಯ ಶುದ್ಧ ಹರಳು ಈ ಮೂರನ್ನೂ ‘ಸಾರ’ ಎಂಬ ಒಂದೇ ಪದಕ್ಕೆ ತುರುಕಿಬಿಟ್ಟಿದ್ದೇವೆ. ಅರ್ಧ ಗೊಂದಲ ಅಲ್ಲಿಂದಲೇ.

ಮೊದಲು ಕಾಯಿಲೆಯ ಬಗ್ಗೆ ನಾಲ್ಕು ಮಾತು. ಲ್ಯುಕೇಮಿಯಾ ಎಂಬ ಈ ರಕ್ತದ ಕ್ಯಾನ್ಸರಿನಲ್ಲಿ ನಿಧಾನದ್ದು ಬೇರೆ, ತೀವ್ರದ್ದು ಬೇರೆ. ನಿಧಾನದ್ದು ವರ್ಷಗಟ್ಟಲೆ ಸದ್ದಿಲ್ಲದೆ ಇರಬಹುದು. ತೀವ್ರ ಲ್ಯುಕೇಮಿಯಾದಲ್ಲಿ ಅಸ್ಥಿಮಜ್ಜೆಯ ಎಳೆಯ ಕೋಶಗಳು ಬಲಿಯುವುದನ್ನೇ ಮರೆತು, ತಮ್ಮಂಥವನ್ನೇ ಹೆರುತ್ತಾ ಹೋಗಿ, ಮಜ್ಜೆಯಲ್ಲಿ ಬೇರೆ ಯಾವುದಕ್ಕೂ ಜಾಗವಿಲ್ಲದಂತೆ ಮಾಡುತ್ತವೆ. ಕೆಂಪು ಕಣ ಇಳಿದು ಮುಖ ಬಿಳಿಚುತ್ತದೆ, ಪ್ಲೇಟ್‌ಲೆಟ್ ಇಳಿದು ವಸಡಿನಲ್ಲಿ ರಕ್ತ ಬರುತ್ತದೆ, ಕೆಲಸಕ್ಕೆ ಬರುವ ಬಿಳಿ ಕಣ ಇಲ್ಲದೆ ಜ್ವರ ಬಿಡುವುದಿಲ್ಲ. ಮಕ್ಕಳಲ್ಲಿ ಹೆಚ್ಚು ಕಾಣುವುದು ಲಿಂಫ್ ಬಗೆಯದು, ವೈದ್ಯರ ಬಾಯಲ್ಲಿ ಎ.ಎಲ್.ಎಲ್.; ದೊಡ್ಡವರಲ್ಲಿ ಹೆಚ್ಚಾಗಿ ಮೈಲಾಯ್ಡ್ ಬಗೆಯ ಎ.ಎಂ.ಎಲ್. ಎರಡರಲ್ಲೂ ಚಿಕಿತ್ಸೆ ಇಲ್ಲದಿದ್ದರೆ ಉಳಿಯುವುದು ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು. ‘ಒಂದೆರಡು ತಿಂಗಳು ಕಷಾಯ ಕೊಟ್ಟು ನೋಡೋಣ’ ಎನ್ನುವಷ್ಟು ಪುರುಸೊತ್ತು ಈ ಕಾಯಿಲೆಗಿಲ್ಲ.

ಕಾಶಿ ಕಣಗಿಲೆಯ ಕಥೆ ಶುರುವಾದದ್ದು ಸಕ್ಕರೆ ಕಾಯಿಲೆಯಿಂದ. ಮಡಗಾಸ್ಕರ್ ಮೂಲದ ಈ ಗಿಡ ಹೋದಲ್ಲೆಲ್ಲ ಮಧುಮೇಹದ ಮನೆಮದ್ದಾಯಿತು. 1952ರಲ್ಲಿ ಜಮೈಕಾದ ವೈದ್ಯರೊಬ್ಬರು ಅದರ ಎಲೆಗಳನ್ನು ಲಕೋಟೆಗೆ ಹಾಕಿ ಕೆನಡಾಕ್ಕೆ ಕಳಿಸಿದರು. ಅದು ಕೊನೆಗೆ ತಲುಪಿದ್ದು ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದ ರಾಬರ್ಟ್ ನೋಬಲ್ ಕೈಗೆ. ಎಲೆಯ ಕಷಾಯವನ್ನು ಇಲಿಗಳಿಗೆ ಕುಡಿಸಿದರೆ ಸಕ್ಕರೆ ಇಳಿಯಲಿಲ್ಲ. ಚುಚ್ಚಿ ನೋಡಿದರು, ಇಲಿಗಳು ಸೋಂಕು ತಗುಲಿ ಸತ್ತವು. ಬೇರೆ ಯಾರಾದರೂ ಆಗಿದ್ದರೆ ಕೈ ತೊಳೆದುಕೊಂಡು ಮುಂದಿನ ಗಿಡಕ್ಕೆ ಹೋಗುತ್ತಿದ್ದರು. ನೋಬಲ್ ಸತ್ತ ಇಲಿಯ ರಕ್ತ ನೋಡಿದರು. ಬಿಳಿ ಕಣಗಳು ನೆಲ ಕಚ್ಚಿದ್ದವು, ಮಜ್ಜೆ ಬರಿದಾಗಿತ್ತು. ಬಿಳಿ ಕಣ ಇಳಿಸುವ ವಸ್ತು ಬಿಳಿ ಕಣದ ಕ್ಯಾನ್ಸರಿಗೆ ಯಾಕಾಗಬಾರದು ಎಂಬ ಯೋಚನೆ ಅಲ್ಲಿ ಮೊಳೆಯಿತು. ರಸಾಯನಜ್ಞ ಚಾರ್ಲ್ಸ್ ಬಿಯರ್ ಜೊತೆಗೂಡಿ ಎಲೆಯಿಂದ ಬೇರ್ಪಡಿಸಿದ ವಿನ್‌ಬ್ಲಾಸ್ಟಿನ್ 1958ರಲ್ಲಿ ಬೆಳಕಿಗೆ ಬಂತು. ಅದೇ ಹೊತ್ತಿಗೆ ಅಮೆರಿಕದ ಎಲೈ ಲಿಲ್ಲಿ ಕಂಪನಿಯವರೂ ಅದೇ ಗಿಡದ ಸಾರ ಕೊಟ್ಟ ಲ್ಯುಕೇಮಿಯಾದ ಇಲಿಗಳು ಹೆಚ್ಚು ಕಾಲ ಬದುಕುವುದನ್ನು ಕಂಡಿದ್ದರು. ಅಲ್ಲಿನ ಗಾರ್ಡನ್ ಸ್ವೋಬೋಡಾ ತಂಡ ಅದೇ ಎಲೆಯಲ್ಲಿ ಇನ್ನೊಂದು ಅಣುವನ್ನು ಹಿಡಿಯಿತು. ಅದೇ ವಿನ್‌ಕ್ರಿಸ್ಟಿನ್. 1963ರಲ್ಲಿ ಅದಕ್ಕೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಅವಳಿಗಳು. ನೂರಕ್ಕೂ ಹೆಚ್ಚು ಪರಮಾಣುಗಳಿರುವ ಅಣುವಿನ ಒಂದು ಮೂಲೆಯಲ್ಲಿ, ಒಂದಕ್ಕೆ ಮೀಥೈಲ್ ಗುಂಪು, ಇನ್ನೊಂದಕ್ಕೆ ಫಾರ್ಮೈಲ್ ಗುಂಪು, ವ್ಯತ್ಯಾಸ ಅಷ್ಟೇ. ಇಬ್ಬರೂ ಮಾಡುವ ಕೆಲಸವೂ ಒಂದೇ: ಕೋಶ ಎರಡಾಗುವಾಗ ವರ್ಣತಂತುಗಳನ್ನು ಆಚೀಚೆ ಎಳೆಯುವ ಹಗ್ಗಗಳನ್ನು ಕಟ್ಟಲು ಬಿಡದಿರುವುದು. ಹಗ್ಗವಿಲ್ಲದೆ ಕೋಶ ನಡುದಾರಿಯಲ್ಲಿ ಸಿಕ್ಕಿ ಸಾಯುತ್ತದೆ. ಆದರೂ ಮನುಷ್ಯನ ಮೈಯಲ್ಲಿ ಇಬ್ಬರ ಸ್ವಭಾವ ಬೇರೆ. ವಿನ್‌ಬ್ಲಾಸ್ಟಿನ್ ಹಾಜ್‌ಕಿನ್ ಲಿಂಫೋಮಾಗೆ ಆಗಿಬಂತು, ಅದರ ಏಟು ಮಜ್ಜೆಗೆ. ವಿನ್‌ಕ್ರಿಸ್ಟಿನ್ ಮಕ್ಕಳ ಲ್ಯುಕೇಮಿಯಾಗೆ ಒಗ್ಗಿತು, ಮಜ್ಜೆಯನ್ನು ಬಹುಮಟ್ಟಿಗೆ ಬಿಟ್ಟು ನರಗಳನ್ನು ಹಿಡಿಯಿತು. ಅದನ್ನು ಪಡೆದ ಮಗುವಿನ ಪಾದ ಜುಮ್ಮೆನ್ನುತ್ತದೆ, ಮೆಟ್ಟಿಲು ಹತ್ತುವಾಗ ಮುಂಗಾಲು ಎಳೆಯುತ್ತದೆ, ಹೊಟ್ಟೆ ಕಟ್ಟುತ್ತದೆ. ಆ ಒಂದೇ ಎಲೆಯಲ್ಲಿ ಇಂಥ ಆಲ್ಕಲಾಯ್ಡುಗಳು ನೂರಕ್ಕೂ ಹೆಚ್ಚು. ‘ಕಾಶಿ ಕಣಗಿಲೆ ಸಾರ’ ಎಂದರೆ ಇವೆಲ್ಲ ಒಟ್ಟಿಗೆ; ಯಾವ ಗಿಡದಲ್ಲಿ, ಯಾವ ತಿಂಗಳಲ್ಲಿ, ಯಾವುದು ಎಷ್ಟು ಎಂಬುದು ಆ ಗಿಡಕ್ಕೇ ಗೊತ್ತು. ಒಂದು ಗ್ರಾಂ ವಿನ್‌ಕ್ರಿಸ್ಟಿನ್ ತೆಗೆಯಲು ನೂರಾರು ಕಿಲೋ ಒಣ ಎಲೆ ಬೇಕು.

ಇಷ್ಟು ಮಾಡಿಯೂ ವಿನ್‌ಕ್ರಿಸ್ಟಿನ್ ಒಂದೇ ಯಾರನ್ನೂ ಉಳಿಸಲಿಲ್ಲ. ಒಂಟಿಯಾಗಿ ಕೊಟ್ಟಾಗ ಸುಮಾರು ಅರ್ಧ ಮಕ್ಕಳಲ್ಲಿ ಕಾಯಿಲೆ ಹಿಂದೆ ಸರಿದು ಕೆಲವೇ ತಿಂಗಳಲ್ಲಿ ಮರಳಿತು. ಸ್ಟೀರಾಯ್ಡ್ ಜೊತೆ ಸೇರಿಸಿದಾಗ ಹತ್ತರಲ್ಲಿ ಎಂಟೊಂಬತ್ತು ಮಕ್ಕಳ ರಕ್ತ ತಿಳಿಯಾಯಿತು. ಮೆಥೊಟ್ರೆಕ್ಸೇಟ್, ಮರ್ಕ್ಯಾಪ್ಟೊಪ್ಯೂರಿನ್ ಕೂಡಿಸಿ, ವರ್ಷಗಟ್ಟಲೆ ಪಟ್ಟು ಹಿಡಿದು ಕೊಟ್ಟ ಮೇಲೆ ಗುಣ ಎಂಬ ಮಾತು ಬಂತು. 1960ರ ಸುಮಾರಿಗೆ ಹತ್ತರಲ್ಲಿ ಒಂದು ಮಗು ಉಳಿಯುವುದೂ ಕಷ್ಟವಿದ್ದ ಎ.ಎಲ್.ಎಲ್.ನಲ್ಲಿ ಇಂದು ಸಿರಿವಂತ ದೇಶಗಳಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳು ಬದುಕುತ್ತಿದ್ದಾರೆ. ಆ ಗುಂಪಿನಲ್ಲಿ ಗಿಡದಿಂದ ಬಂದವನು ಒಬ್ಬ. ಉಳಿದವರು ರಸಾಯನಶಾಲೆಯವರು, ಮಣ್ಣಿನ ಬ್ಯಾಕ್ಟೀರಿಯಾದವರು. ಎ.ಎಂ.ಎಲ್.ನ ಮುಖ್ಯ ಔಷಧ ಸೈಟರಬಿನ್‌ನ ಎಳೆ ಹಿಡಿದು ಹೋದರೆ ಕೆರಿಬಿಯನ್ ಸಮುದ್ರದ ಸ್ಪಂಜು ಸಿಗುತ್ತದೆ.

ಎಲೆಗೆ ಸಂಬಂಧಿಸಿದ ಇನ್ನೊಂದು ಪ್ರಸಂಗವಿದೆ, ಅದನ್ನು ಗಿಡಮೂಲಿಕೆಯ ಪ್ರಚಾರಕರು ಎತ್ತುವುದಿಲ್ಲ. ಫೋಲಿಕ್ ಆಮ್ಲಕ್ಕೆ ಆ ಹೆಸರು ಬಂದದ್ದೇ ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ. 1941ರಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ತೆಗೆದರು. ರಕ್ತಹೀನತೆಗೆ ಒಳ್ಳೆಯದು, ಸೊಪ್ಪಿನ ಸತ್ವ, ಮೈಗೆ ಹಿತ. ಬಾಸ್ಟನ್ನಿನ ಸಿಡ್ನಿ ಫಾರ್ಬರ್ 1940ರ ದಶಕದಲ್ಲಿ ಲ್ಯುಕೇಮಿಯಾದ ಮಕ್ಕಳಿಗೆ ಅದರ ರೂಪಗಳನ್ನು ಕೊಟ್ಟು ನೋಡಿದರು. ಕಾಯಿಲೆ ನಾಗಾಲೋಟದಲ್ಲಿ ಏರಿತು. ಎಳೆಕೋಶಗಳು ಆ ಸತ್ವವನ್ನೇ ಉಂಡು ಬೆಳೆಯುತ್ತಿದ್ದವು. ಹಾಗಾದರೆ ಅದಕ್ಕೆ ಅಡ್ಡಿ ಮಾಡುವ ವಸ್ತು ಬೇಕು ಎಂದು ಅವರು ಕೇಳಿದಾಗ ಅಮಿನಾಪ್ಟೆರಿನ್ ಒದಗಿಸಿದ್ದು ಲೆಡರ್ಲೆ ಪ್ರಯೋಗಾಲಯದಲ್ಲಿದ್ದ ಭೀಮಾವರಂ ಮೂಲದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. 1948ರಲ್ಲಿ ಫಾರ್ಬರ್ ವರದಿ ಮಾಡಿದ 16 ಮಕ್ಕಳಲ್ಲಿ 10 ಮಂದಿ ತಾತ್ಕಾಲಿಕವಾಗಿಯಾದರೂ ಚೇತರಿಸಿಕೊಂಡಿದ್ದರು. ಇಂದಿನ ಕೀಮೋಥೆರಪಿಯ ಬೇರು ಅಲ್ಲಿದೆ. ‘ಸೊಪ್ಪು ತಾನೇ, ಏನು ಮಾಡೀತು’ ಎನ್ನುವ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಆ ಮಕ್ಕಳು ನೆನಪಾಗುತ್ತಾರೆ.

ಕಾಶಿ ಕಣಗಿಲೆಯ ಗೆಲುವು ಒಂದು ದೊಡ್ಡ ಬೇಟೆಗೆ ದಾರಿ ಮಾಡಿತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1960ರಿಂದ 1982ರವರೆಗೆ ಸುಮಾರು 35,000 ಬಗೆಯ ಸಸ್ಯಗಳಿಂದ 1,14,000 ಸಾರಗಳನ್ನು ತೆಗೆಸಿ ಪರೀಕ್ಷಿಸಿತು. ಜರಡಿಯಾಗಿ ಬಳಸಿದ್ದು ಇಲಿಗಳ ಲ್ಯುಕೇಮಿಯಾ, ಎಲ್-1210, ಪಿ-388 ಎಂಬ ತಳಿಗಳು. ಆ ಜರಡಿಯಲ್ಲಿ ಸಿಕ್ಕ ಎರಡು ದೊಡ್ಡ ಮೀನುಗಳನ್ನು ಹಿಡಿದವರು ಮನ್ರೋ ವಾಲ್ ಮತ್ತು ಮನಸುಖ್ ವಾನಿ: 1966ರಲ್ಲಿ ಚೀನಾ ಮೂಲದ ಮರದಿಂದ ಕ್ಯಾಂಪ್ಟೊಥೆಸಿನ್, 1971ರಲ್ಲಿ ಪೆಸಿಫಿಕ್ ಯೂ ಮರದ ತೊಗಟೆಯಿಂದ ಟ್ಯಾಕ್ಸಾಲ್. ಎರಡೂ ಪ್ರಬಂಧಗಳ ಶೀರ್ಷಿಕೆಯಲ್ಲೇ ಲ್ಯುಕೇಮಿಯಾ ನಿರೋಧಕ ಎಂಬ ಬಿರುದಿತ್ತು. ಆಮೇಲೆ ಆದದ್ದೇನು? ಟ್ಯಾಕ್ಸಾಲ್ ಸ್ತನ, ಅಂಡಾಶಯದ ಕ್ಯಾನ್ಸರಿಗೆ ಹೋಯಿತು. ಕ್ಯಾಂಪ್ಟೊಥೆಸಿನ್‌ನ ಮಕ್ಕಳು ಕರುಳು, ಶ್ವಾಸಕೋಶ, ಅಂಡಾಶಯದ ಕ್ಯಾನ್ಸರಿಗೆ ಹಂಚಿಹೋದವು. ತೀವ್ರ ಲ್ಯುಕೇಮಿಯಾದ ವಾರ್ಡಿನಲ್ಲಿ ಎರಡಕ್ಕೂ ಖಾಯಂ ಹಾಸಿಗೆ ಸಿಗಲಿಲ್ಲ. ಇಲಿಯ ಲ್ಯುಕೇಮಿಯಾ ಬೇರೆ, ಮನುಷ್ಯನದು ಬೇರೆ. ‘ಲ್ಯುಕೇಮಿಯಾದ ಇಲಿಗಳು ಚೇತರಿಸಿಕೊಂಡವು’ ಎಂಬ ಪತ್ರಿಕಾ ಸುದ್ದಿ ಓದುವಾಗ ಈ ಹಳೆಯ ಲೆಕ್ಕ ತಲೆಯಲ್ಲಿರಬೇಕು.

ಕ್ಯಾಂಪ್ಟೊಥೆಸಿನ್ ನಮ್ಮ ಘಟ್ಟದ ದುರ್ವಾಸನೆ ಮರದಲ್ಲೂ ಇದೆ ಎಂದು ಗೊತ್ತಾದದ್ದು 1972ರಲ್ಲಿ. ಗೊತ್ತಾದ ಮೇಲೆ ಆ ಮರಕ್ಕೆ ಆದದ್ದು ಒಳ್ಳೆಯದಲ್ಲ; ಕಾಂಡ, ಬೇರುಗಳಿಗಾಗಿ ಕಡಿದು ಸಾಗಿಸಿ ಅದರ ಸಂಖ್ಯೆಯನ್ನೇ ಕರಗಿಸಿದರು. ಹಿಮಾಲಯದ ಪೊಡೊಫಿಲಮ್ ಗಿಡದ್ದೂ ಇದೇ ಗತಿ. ಅದರ ಗೆಡ್ಡೆಯ ಪೊಡೊಫಿಲೊಟಾಕ್ಸಿನ್ ಅನ್ನು ತಿದ್ದಿ ಸ್ವಿಸ್ ರಸಾಯನಜ್ಞರು ಎಟೊಪೊಸೈಡ್ ಮಾಡಿದರು, 1983ರಲ್ಲಿ ಅಮೆರಿಕದಲ್ಲಿ ಪರವಾನಗಿ ಬಂತು. ಎ.ಎಂ.ಎಲ್.ನ ಕೆಲವು ಚಿಕಿತ್ಸಾಕ್ರಮಗಳಲ್ಲಿ ಅದೂ ಇದೆ. ಬೇರೆ ಕ್ಯಾನ್ಸರಿಗೆಂದು ಎಟೊಪೊಸೈಡ್ ಪಡೆದ ಕೆಲವರಲ್ಲಿ ಎರಡು ಮೂರು ವರ್ಷದ ನಂತರ ಹೊಸದಾಗಿ ಎ.ಎಂ.ಎಲ್. ಹುಟ್ಟಿದ್ದೂ ಇದೆ, ಹನ್ನೊಂದನೆಯ ವರ್ಣತಂತುವಿನಲ್ಲಿ ಮುರಿತದ ಗುರುತು ಸಮೇತ. ಲ್ಯುಕೇಮಿಯಾಗೆ ಮದ್ದೂ ಅದೇ, ಲ್ಯುಕೇಮಿಯಾ ತರುವುದೂ ಅದೇ.

ಇಲ್ಲಿಯವರೆಗೆ ಹೇಳಿದವೆಲ್ಲ ಶುದ್ಧ ಅಣುಗಳ ಕಥೆ. ಸಾರ ಸಾರವಾಗಿಯೇ, ಹಲವು ಮೂಲಿಕೆಗಳ ಕೂಟವಾಗಿಯೇ ಗೆದ್ದದ್ದು ಎಲ್ಲೂ ಇಲ್ಲವೇ ಎಂದು ಕೇಳಿದರೆ ಚೀನಾದ ಕಡೆ ತಿರುಗಬೇಕು. ಅಲ್ಲಿ ಎರಡು ಸಂಗತಿಗಳಿವೆ. ಮೊದಲನೆಯದು ಹೊಮೊಹ್ಯಾರಿಂಗ್ಟೊನಿನ್, ಇದಿನ್ನೂ ಒಂಟಿ ಅಣುವೇ; ಕೂಟ ಬರುವುದು ಎರಡನೆಯದರಲ್ಲಿ. ಸೆಫಲೋಟಾಕ್ಸಸ್ ಎಂಬ, ಯೂ ಮರದ ದಾಯಾದಿಯಂಥ ಗಿಡದಿಂದ ಬಂದದ್ದು. 1970ರ ದಶಕದಿಂದ ಚೀನೀ ವೈದ್ಯರು ಇದನ್ನು ಎ.ಎಂ.ಎಲ್.ಗೆ ಬಳಸುತ್ತಿದ್ದಾರೆ. ಕೋಶದೊಳಗೆ ಪ್ರೋಟೀನ್ ಹೆಣೆಯುವ ಯಂತ್ರವನ್ನು ಇದು ತಡೆಯುತ್ತದೆ. ಕ್ಯಾನ್ಸರ್ ಕೋಶವನ್ನು ಸಾಯದಂತೆ ಕಾಯುವ, ಬೇಗ ಸವೆಯುವ ಪ್ರೋಟೀನುಗಳು ಮೊದಲು ಖಾಲಿಯಾಗುತ್ತವೆ. 2013ರಲ್ಲಿ ಪ್ರಕಟವಾದ, 620 ರೋಗಿಗಳನ್ನೊಳಗೊಂಡ ಚೀನೀ ಪರೀಕ್ಷೆಯಲ್ಲಿ ಸೈಟರಬಿನ್, ಅಕ್ಲಾರುಬಿಸಿನ್ ಜೊತೆ ಇದನ್ನು ಪಡೆದವರಲ್ಲಿ ಶೇ. 73 ಮಂದಿಗೆ ಪೂರ್ಣ ರೆಮಿಷನ್, ಅಂದರೆ ಕಾಯಿಲೆಯ ಗುರುತು ಕಾಣದ ಸ್ಥಿತಿ, ಸಿಕ್ಕಿತು. ರೂಢಿಯ ಚಿಕಿತ್ಸೆಯಲ್ಲಿ ಅದು ಶೇ. 61. ಜೊತೆಗೇ ಇನ್ನೊಂದನ್ನೂ ಹೇಳಬೇಕು: ಚಿಕಿತ್ಸೆಯ ಆರಂಭದಲ್ಲೇ ಸತ್ತವರು ಹೊಸ ಗುಂಪಿನಲ್ಲಿ ಹೆಚ್ಚಿದ್ದರು. ಅಮೆರಿಕದಲ್ಲಿ ಇದರ ಅರೆಕೃತಕ ರೂಪಕ್ಕೆ 2012ರಲ್ಲಿ ಒಪ್ಪಿಗೆ ಸಿಕ್ಕಿತು, ಅದೂ ನಿಧಾನದ ಮೈಲಾಯ್ಡ್ ಲ್ಯುಕೇಮಿಯಾಗೆ. ಒಂದೇ ಔಷಧ, ಎರಡು ದೇಶ, ಎರಡು ಕಾಯಿಲೆ.

ಎರಡನೆಯದು ಇನ್ನೂ ಸ್ವಾರಸ್ಯದ್ದು. ಎ.ಎಂ.ಎಲ್.ನಲ್ಲಿ ಪ್ರೊಮೈಲೊಸಿಟಿಕ್ ಎಂಬ ಒಂದು ಬಗೆ ಇದೆ. ಒಂದು ಕಾಲಕ್ಕೆ ಇದು ಎಲ್ಲಕ್ಕಿಂತ ಘೋರ, ರಕ್ತಸ್ರಾವದಿಂದ ದಿನಗಳಲ್ಲೇ ಕೊಲ್ಲುತ್ತಿತ್ತು. ಇಂದು ಇದು ತೀವ್ರ ಲ್ಯುಕೇಮಿಯಾಗಳಲ್ಲೇ ಅತಿ ಹೆಚ್ಚು ಗುಣವಾಗುವ ಬಗೆ. ಕಾರಣ ಎರಡು: ಶಾಂಘೈನ ವಾಂಗ್ ಝೆನ್‌ಯಿ 1980ರ ದಶಕದಲ್ಲಿ ಕೊಟ್ಟು ನೋಡಿದ, ಎ ಜೀವಸತ್ವದ ವಂಶದ ರೆಟಿನಾಯಿಕ್ ಆಮ್ಲ, ಮತ್ತು ಹಾರ್ಬಿನ್ ನಗರದ ವೈದ್ಯರು ಹಳ್ಳಿಮದ್ದಿನಿಂದ ಎತ್ತಿಕೊಂಡ ಆರ್ಸೆನಿಕ್. ಆರ್ಸೆನಿಕ್ ಗಿಡವಲ್ಲ, ಪಾಷಾಣ. ಆದರೆ ಚೀನೀಯರು ಅದನ್ನು ಬಾಯಿಯ ಮೂಲಕ ಕೊಡುವ ಒಂದು ಮಾತ್ರೆಯನ್ನೂ ಮಾಡಿದ್ದಾರೆ, ಅದರಲ್ಲಿ ನಾಲ್ಕು ವಸ್ತುಗಳು. ಒಂದು, ನಮ್ಮ ಆಯುರ್ವೇದದವರು ಮನಃಶಿಲೆ ಎನ್ನುವ ಆರ್ಸೆನಿಕ್ ಖನಿಜ. ಇನ್ನೊಂದು, ಬಟ್ಟೆಗೆ ಹಾಕುವ ನೀಲಿಯ ಕುಲದ್ದು, ನೀಲಿ ಕೊಡುವ ಗಿಡದ ಎಲೆ ಕೊಳೆಸಿ ತೆಗೆದ ಪುಡಿ. ಉಳಿದ ಎರಡು ಬೇರುಗಳು, ಡಾನ್‌ಶೆನ್ ಮತ್ತು ತೈಜಿಶೆನ್.

ಈ ಕೂಟ ಹೇಗೆ ಕೆಲಸ ಮಾಡುತ್ತದೆಂದು 2008ರಲ್ಲಿ ಶಾಂಘೈನ ಚೆನ್ ಝು, ಚೆನ್ ಸಾಯ್‌ಜುವಾನ್ ತಂಡ ಬಿಡಿಸಿ ತೋರಿಸಿತು. ಮುಮ್ಮೇಳದಲ್ಲಿ ಕುಣಿಯುವುದು ಆರ್ಸೆನಿಕ್ಕೇ. ಕಾಯಿಲೆಗೆ ಮೂಲವಾದ ಬೆಸುಗೆ ಪ್ರೋಟೀನನ್ನು ಅದು ಒಡೆಯುತ್ತದೆ. ನೀಲಿಯ ಇಂಡಿರುಬಿನ್, ಡಾನ್‌ಶೆನ್‌ನ ಟ್ಯಾನ್‌ಶಿನೋನ್ ಹಿಮ್ಮೇಳದವರು: ಆರ್ಸೆನಿಕ್ ಕೋಶದೊಳಗೆ ಹೋಗುವ ಬಾಗಿಲುಗಳನ್ನು ಹೆಚ್ಚಿಸುತ್ತವೆ, ಒಡೆಯುವ ಕೆಲಸಕ್ಕೆ ಇಂಬು ಕೊಡುತ್ತವೆ. ಹಿಮ್ಮೇಳ ಒಂದೇ ಇದ್ದರೆ ಪ್ರಸಂಗ ಇಲ್ಲ, ಇದ್ದರೆ ಆಟ ಕಳೆಗಟ್ಟುತ್ತದೆ. 2013ರ ಪರೀಕ್ಷೆಯೊಂದರಲ್ಲಿ ಈ ಮಾತ್ರೆಯನ್ನು ರೆಟಿನಾಯಿಕ್ ಆಮ್ಲದ ಜೊತೆ ಪಡೆದವರಲ್ಲಿ ಎರಡು ವರ್ಷ ಕಾಯಿಲೆಯಿಲ್ಲದೆ ಉಳಿದವರು ಶೇ. 98.1, ಆರ್ಸೆನಿಕ್ಕನ್ನು ಡ್ರಿಪ್ಪಿನಲ್ಲಿ ಪಡೆದವರಲ್ಲಿ ಶೇ. 95.5. ಗುಣದಲ್ಲಿ ಸರಿಸಮ, ಆಸ್ಪತ್ರೆಯಲ್ಲಿ ಮಲಗುವುದು ತಪ್ಪಿತೆಂಬುದೇ ಲಾಭ. ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆ 1998ರಿಂದ 72 ರೋಗಿಗಳಿಗೆ ಬರೀ ಆರ್ಸೆನಿಕ್ ಟ್ರೈಆಕ್ಸೈಡ್ ಕೊಟ್ಟು, ದುಬಾರಿ ಕೀಮೋ ಇಲ್ಲದೆಯೂ ಹೆಚ್ಚಿನವರನ್ನು ಉಳಿಸಬಹುದೆಂದು ತೋರಿಸಿದ್ದನ್ನೂ ಇಲ್ಲೇ ನೆನೆಯಬೇಕು.

ನನ್ನ ಮಟ್ಟಿಗೆ ಈ ಮಾತ್ರೆ ಸಾಂಪ್ರದಾಯಿಕ ಕೂಟಕ್ಕೆ ಸಿಕ್ಕ ಅತ್ಯಂತ ಪ್ರಾಮಾಣಿಕ ಜಯ. ಅದರ ಹಿಂದೆ ಇದ್ದದ್ದು ಪರಂಪರೆಯ ಗೌರವ ಮಾತ್ರವಲ್ಲ. ಪ್ರತಿ ಮಾತ್ರೆಯಲ್ಲೂ ಆರ್ಸೆನಿಕ್ ಎಷ್ಟೆಂಬ ಅಳತೆ, ಚೀಟಿ ಎತ್ತಿ ಗುಂಪು ಮಾಡಿದ ರೋಗಿಗಳು, ಸೋತರೆ ಸೋತೆವೆಂದು ಒಪ್ಪುವ ಪರೀಕ್ಷೆ. ಗ್ರಂಧಿಗೆ ಅಂಗಡಿಯಿಂದ ಮನಃಶಿಲೆ ತಂದು ಅರೆದರೆ ಸಿಗುವುದು ಬರೀ ವಿಷ. ಅಲ್ಲದೆ ಈ ಜಯ ಪ್ರೊಮೈಲೊಸಿಟಿಕ್ ಎಂಬ ಒಂದೇ ಬಗೆಗೆ. ಬೇರೆ ಲ್ಯುಕೇಮಿಯಾದವರು ಇದನ್ನು ನುಂಗಿ ಪ್ರಯೋಜನವಿಲ್ಲ.

ನಮ್ಮ ಘಟ್ಟಕ್ಕೂ ಒಂದು ಪಾಲಿದೆ. ಬೇವಿನ ಕುಟುಂಬಕ್ಕೆ ಸೇರಿದ ಡೈಸಾಕ್ಸಿಲಂ ಎಂಬ ಮರ ಪಶ್ಚಿಮ ಘಟ್ಟದ ನಿತ್ಯಹಸಿರು ಕಾಡಿನದು. ಮುಂಬೈಯಲ್ಲಿದ್ದ ಹೆಕ್ಸ್ಟ್ ಕಂಪನಿಯ ಸಂಶೋಧಕರು ಅದರ ತೊಗಟೆಯಲ್ಲಿ ಉರಿಯೂತ ತಗ್ಗಿಸುವ ಗುಣ ಹುಡುಕುತ್ತಾ ರೋಹಿಟುಕಿನ್ ಎಂಬ ವಸ್ತುವಿಗೆ ಬಂದರು, 1988ರಲ್ಲಿ ವರದಿ ಮಾಡಿದರು. ಅದರ ಅಚ್ಚನ್ನು ಇಟ್ಟುಕೊಂಡು ತಯಾರಿಸಿದ ಫ್ಲಾವೊಪಿರಿಡಾಲ್, ಕೋಶಚಕ್ರದ ಕೀಲಿಗಳಾದ ಸಿ.ಡಿ.ಕೆ. ಕಿಣ್ವಗಳನ್ನು ತಡೆಯುವ ಔಷಧಗಳಲ್ಲಿ ಮನುಷ್ಯರ ಮೇಲೆ ಪರೀಕ್ಷೆಗೆ ಹೋದ ಮೊದಲನೆಯದು. ಹೊಸದಾಗಿ ಎ.ಎಂ.ಎಲ್. ಬಂದ 165 ರೋಗಿಗಳ ಪರೀಕ್ಷೆ 2015ರಲ್ಲಿ ಪ್ರಕಟವಾಯಿತು. ಇದನ್ನು ಸೇರಿಸಿ ಕೊಟ್ಟವರಲ್ಲಿ ಶೇ. 70 ಮಂದಿಗೆ ರೆಮಿಷನ್, ರೂಢಿಯ ಚಿಕಿತ್ಸೆಯ ಒಂದು ಸುತ್ತಿನಲ್ಲಿ ಶೇ. 46. ಓದಿದವರು ಚಪ್ಪಾಳೆ ತಟ್ಟುವುದರೊಳಗೆ ಮುಂದಿನ ಸಾಲು: ಒಟ್ಟು ಬದುಕಿದ ಅವಧಿಯಲ್ಲಿ ವ್ಯತ್ಯಾಸವಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಸಂಗಡಿಗರು ಈ ಮರದಲ್ಲೂ ದುರ್ವಾಸನೆ ಮರದಲ್ಲೂ ಒಳಗೇ ವಾಸಿಸುವ ಶಿಲೀಂಧ್ರಗಳು ಅದೇ ವಸ್ತುಗಳನ್ನು ತಯಾರಿಸುವುದನ್ನು ಕಂಡರು. ಮರ ಕಡಿಯದೆ ಔಷಧ ಪಡೆಯುವ ದಾರಿ ಇರಬಹುದೇ ಎಂಬ ಆಸೆ ಅದು. ಶಿಲೀಂಧ್ರವನ್ನು ಗಾಜಿನಲ್ಲಿ ಬೆಳೆಸುತ್ತಾ ಹೋದಂತೆ ಆ ಕಸುಬನ್ನು ಅದು ಮರೆತುಬಿಡುವುದೇ ತೊಡಕು.

ಇನ್ನು ನಮ್ಮ ವಿಶ್ವವಿದ್ಯಾಲಯಗಳಲ್ಲಿ ವರ್ಷಕ್ಕೆ ನೂರಾರು ಬರುವ ಪ್ರಬಂಧಗಳು. ಅಶ್ವಗಂಧ, ಕರಿಗೇರು, ಕರಿಬೇವು, ಅಮೃತಬಳ್ಳಿ. ಎಲೆ ಒಣಗಿಸಿ, ಮೆಥನಾಲಿನಲ್ಲಿ ಇಳಿಸಿ, ಎಚ್‌.ಎಲ್.-60 ಅಥವಾ ಕೆ-562 ಎಂಬ ಲ್ಯುಕೇಮಿಯಾ ಕೋಶಗಳ ಮೇಲೆ ಸುರಿದು, ‘ಕ್ಯಾನ್ಸರ್ ನಿರೋಧಕ ಗುಣ ಕಂಡುಬಂದಿದೆ’ ಎಂದು ಮುಗಿಸುವ ಬಗೆ. ನಾನೂ ಒಂದು ಕಾಲದಲ್ಲಿ ಅಂಥ ಪ್ರಾಜೆಕ್ಟ್ ಮಾಡಿದವನೇ. 96 ಗುಳಿಗಳ ಪ್ಲಾಸ್ಟಿಕ್ ತಟ್ಟೆ. ಪ್ರತಿ ಗುಳಿಗೂ ಕೋಶ, ಅದಕ್ಕೆ ನೆಲ್ಲಿಕಾಯಿ ಸಾರ, ಕೊನೆಗೆ ಎಂ.ಟಿ.ಟಿ. ಎಂಬ ಹಳದಿ ಬಣ್ಣ. ಕೋಶ ಬದುಕಿದ್ದರೆ ಹಳದಿ ನೇರಳೆಯಾಗುತ್ತದೆ, ಸತ್ತಿದ್ದರೆ ಹಳದಿಯಾಗಿಯೇ ಉಳಿಯುತ್ತದೆ. ನಮ್ಮ ತಟ್ಟೆಯಲ್ಲಿ ಸಾರ ಹೆಚ್ಚಿದಷ್ಟೂ ನೇರಳೆ ಗಾಢವಾಗುತ್ತಾ ಹೋಯಿತು! ನೆಲ್ಲಿಕಾಯಿ ಕ್ಯಾನ್ಸರನ್ನು ಬೆಳೆಸುತ್ತಿದೆಯೇ ಎಂದು ಎರಡು ದಿನ ತಲೆ ಕೆಡಿಸಿಕೊಂಡೆವು. ಮೂರನೆಯ ದಿನ, ಕೋಶವೇ ಹಾಕದ ಗುಳಿಗೆ ಬರೀ ಸಾರ, ಬಣ್ಣ ಹಾಕಿದೆ. ಅದೂ ನೇರಳೆಯಾಯಿತು. ನೆಲ್ಲಿಕಾಯಿಯ ಸಿ ಜೀವಸತ್ವವೇ ಬಣ್ಣವನ್ನು ತಿರುಗಿಸುತ್ತಿತ್ತು, ಕೋಶಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆ ಖಾಲಿ ಗುಳಿಯ ಪರೀಕ್ಷೆ ಮಾಡದೆ ಅಚ್ಚಾದ ಪ್ರಬಂಧಗಳನ್ನು ಆಮೇಲೆ ಎಷ್ಟೋ ಓದಿದ್ದೇನೆ.

ಬಣ್ಣ ಸರಿ ಇದ್ದರೂ ಲೆಕ್ಕ ಹಿಡಿಯಬೇಕು. ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಸಾರ ಹಾಕಿದಾಗ ಅರ್ಧ ಕೋಶ ಸತ್ತವು ಎಂದಿಟ್ಟುಕೊಳ್ಳಿ. ಇಂಥ ಅಂಕಿ ಪ್ರಬಂಧಗಳಲ್ಲಿ ಸಾಮಾನ್ಯ. ಒಬ್ಬ ವಯಸ್ಕನ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ. ಅಷ್ಟೇ ಗಾಢತೆ ಬರಬೇಕಾದರೆ ಅರ್ಧ ಗ್ರಾಂ ಸಾರ ಕರುಳು ದಾಟಿ, ಯಕೃತ್ತಿನ ಕೈ ತಪ್ಪಿಸಿಕೊಂಡು, ರಕ್ತದಲ್ಲೇ ದಿನಗಟ್ಟಲೆ ಸುತ್ತುತ್ತಿರಬೇಕು. ಮಜ್ಜೆ, ಮಾಂಸ, ಕೊಬ್ಬಿಗೆ ಹಂಚಿಹೋಗುವುದನ್ನು ಇದರಲ್ಲಿ ಸೇರಿಸಿಯೇ ಇಲ್ಲ. ಅಮೆರಿಕದ ಸಂಸ್ಥೆಯ ಜರಡಿಯಲ್ಲಿ ಹಸಿ ಸಾರವೊಂದು 30 ಮೈಕ್ರೋಗ್ರಾಮಿಗಿಂತ ಕಡಿಮೆಯಲ್ಲಿ ಕೆಲಸ ಮಾಡಿದರೆ ಮಾತ್ರ ಮುಂದೆ ನೋಡುತ್ತಿದ್ದರು. ಜೊತೆಗೆ, ಆ ಸಾರ ಒಳ್ಳೆಯ ಬಿಳಿ ಕಣವನ್ನು ಕೊಲ್ಲುವುದಿಲ್ಲವೇ? ಸಾಬೂನು ನೀರೂ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತದೆ.

ಅರಿಶಿನದ ಕುರ್ಕ್ಯುಮಿನ್ ಇದಕ್ಕೆ ಒಳ್ಳೆಯ ಉದಾಹರಣೆ. ತಟ್ಟೆಯಲ್ಲಿ ಅದು ಮುಟ್ಟದ ಕ್ಯಾನ್ಸರ್ ಕೋಶವೇ ಇಲ್ಲ. ದಿನಕ್ಕೆ ಎಂಟು ಗ್ರಾಂ ನುಂಗಿದರೂ ರಕ್ತದಲ್ಲಿ ಸಿಗುವುದು ಲೇಶ ಮಾತ್ರ. 2017ರ ಒಂದು ವಿಸ್ತೃತ ವಿಮರ್ಶೆ 120ಕ್ಕೂ ಹೆಚ್ಚು ಮಾನವ ಪರೀಕ್ಷೆಗಳನ್ನು ನೋಡಿ, ಅದು ಅಸ್ಥಿರ, ಹೀರಿಕೊಳ್ಳದ, ಪರೀಕ್ಷೆಗಳನ್ನೇ ದಾರಿ ತಪ್ಪಿಸುವ ಅಣು ಎಂದು ಖಾರವಾಗಿಯೇ ಬರೆಯಿತು. ಫೀವರ್‌ಫ್ಯೂ ಎಂಬ ಯುರೋಪಿನ ಗಿಡದ ಪಾರ್ಥೆನೊಲೈಡ್ ಸ್ವಲ್ಪ ಭರವಸೆ ತಂದಿತ್ತು, ಎ.ಎಂ.ಎಲ್.ನ ಬೇರುಕೋಶಗಳನ್ನೇ ಅದು ಕೊಲ್ಲುತ್ತದೆಂದು 2005ರಲ್ಲಿ ತೋರಿಸಿದರು. ನೀರಿನಲ್ಲಿ ಕರಗದ ಅದನ್ನು ತಿದ್ದಿ ತೀಡಿದರೂ ಆಸ್ಪತ್ರೆಯ ಬಾಗಿಲು ದಾಟಿಸಲಾಗಿಲ್ಲ. ಹೆಸರು ಕೇಳಿ ನಮ್ಮ ಹೊಲದ ಬದುವಿನ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ಎಂದುಕೊಳ್ಳಬೇಡಿ. ಅದು ಬೇರೆ, ಅದರಿಂದ ಸಿಗುವುದು ಮೈ ತುರಿಕೆ.

ಪ್ರಯೋಗಾಲಯದಲ್ಲಿ ಸೋತ ಸಾರ ಯಾರಿಗೂ ಕೇಡು ಮಾಡುವುದಿಲ್ಲ. ಕೇಡು ಆಗುವುದು ವಾರ್ಡಿನಲ್ಲಿ, ಕೀಮೋ ನಡೆಯುತ್ತಿರುವಾಗಲೇ ದಿಂಬಿನ ಕೆಳಗೆ ಬಾಟಲಿ ಇಟ್ಟುಕೊಂಡಾಗ. ವಿನ್‌ಕ್ರಿಸ್ಟಿನ್ ಯಕೃತ್ತಿನ ಸಿ.ವೈ.ಪಿ.-3ಎ ಎಂಬ ಕಿಣ್ವಗಳಿಂದ ಕರಗುತ್ತದೆ. ಆ ಕಿಣ್ವವನ್ನು ಯಾವುದಾದರೂ ತಡೆದರೆ ಔಷಧ ಮೈಯಲ್ಲೇ ಉಳಿದು ನರಗಳನ್ನು ಸುಡುತ್ತದೆ. ಕೆಲವು ಶಿಲೀಂಧ್ರನಾಶಕ ಮಾತ್ರೆಗಳ ಜೊತೆ ಹೀಗಾಗುವುದನ್ನು ವೈದ್ಯರು ಕಂಡಿದ್ದಾರೆ. ಕರಿಮೆಣಸಿನ ಪೈಪರಿನ್ ಅದೇ ಕಿಣ್ವವನ್ನು ತಡೆಯುತ್ತದೆ, ಅಂಗಡಿಯ ಕುರ್ಕ್ಯುಮಿನ್ ಕ್ಯಾಪ್ಸೂಲಿಗೆ ಹೀರಿಕೊಳ್ಳಲೆಂದು ಪೈಪರಿನ್ ಬೆರೆಸಿರುತ್ತಾರೆ. ಸಾರಿನ ಮೆಣಸಿಗೆ ಹೆದರಬೇಕಿಲ್ಲ, ಕ್ಯಾಪ್ಸೂಲಿಗೆ ಹೆದರಬೇಕು. ಎ.ಎಂ.ಎಲ್.ಗೆ ಈಚೆಗೆ ಹೆಚ್ಚು ಬಳಸುವ ವೆನೆಟೊಕ್ಲಾಕ್ಸ್ ಮಾತ್ರೆಯ ಜೊತೆ ಗ್ರೇಪ್‌ಫ್ರೂಟ್, ನಕ್ಷತ್ರಹಣ್ಣು ತಿನ್ನಬಾರದೆಂದು ಅದರ ಚೀಟಿಯಲ್ಲೇ ಇದೆ. ಗ್ರೇಪ್‌ಫ್ರೂಟಿನ ತಾಯಿ ನಮ್ಮ ಚಕ್ಕೋತ, ಅದೇ ದೇವನಹಳ್ಳಿಯದು, ಭೌಗೋಳಿಕ ಗುರುತು ಪಡೆದದ್ದು. ರೋಗಿಯನ್ನು ನೋಡಲು ಹೋಗುವವರು ಹಣ್ಣಿನ ಚೀಲದಲ್ಲಿ ಅದನ್ನು ಒಯ್ಯುವುದಕ್ಕೆ ಮುಂಚೆ ಕೇಳಿಕೊಂಡರೆ ಒಳ್ಳೆಯದು.

ಮಾತು ಶುರುವಾದದ್ದು ಲಕ್ಷ್ಮಣಫಲದಿಂದ. ಕೆರಿಬಿಯನ್‌ನ ಗ್ವಾಡೆಲೂಪ್ ದ್ವೀಪದಲ್ಲಿ ಅದರ ಹಣ್ಣು, ಎಲೆಯ ಚಹಾ ಹೆಚ್ಚು ಬಳಸುವವರಲ್ಲಿ ವಿಚಿತ್ರ ಬಗೆಯ ಪಾರ್ಕಿನ್ಸನ್ ಕಾಯಿಲೆಯನ್ನು ವೈದ್ಯರು 1999ರಲ್ಲಿ ಗುರುತಿಸಿದರು. ಎಲೆಯಲ್ಲಿರುವ, ‘ಕ್ಯಾನ್ಸರ್ ಕೊಲ್ಲುವ’ ಅನೋನಾಸಿನ್ನೇ ಮಿದುಳಿನ ಕೋಶವನ್ನೂ ಕೊಲ್ಲುತ್ತದೆಂಬ ಗುಮಾನಿ. ಅಮೃತಬಳ್ಳಿಯಿಂದ ಯಕೃತ್ತಿಗೆ ಏಟು ಬಿದ್ದ ರೋಗಿಗಳ ವಿವರ 2021ರಲ್ಲಿ ಮುಂಬೈಯಿಂದ ಬಂತು. ಇದಕ್ಕಿಂತ ಸರಳ ಅಪಾಯವೂ ಇದೆ. ಬಿಳಿ ಕಣ ಇಲ್ಲದ ಮೈಗೆ ಹಸಿ ಎಲೆಯ ರಸ, ಬೂಷ್ಟು ಹಿಡಿದ ಬೇರಿನ ಪುಡಿ ಎಂದರೆ ಸೋಂಕಿಗೆ ಕೊಟ್ಟ ಆಹ್ವಾನ. ಬೇಯಿಸಿದ್ದನ್ನೇ ಕೊಡಿ ಎಂದು ನರ್ಸ್ ಹತ್ತು ಸಲ ಹೇಳುವುದು ಅದಕ್ಕೇ. ಕ್ಯಾನ್ಸರ್ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆ ನಿಷೇಧಿಸಿದೆ. ವಾಟ್ಸಾಪ್ ಆ ಕಾಯ್ದೆ ಓದಿಲ್ಲ.

ನಡುವಿನ ದಾರಿಯೊಂದನ್ನು ನಮ್ಮ ದೇಶ 2015ರಲ್ಲಿ ತೆರೆದಿದೆ. ಶುದ್ಧೀಕರಿಸಿ, ಕನಿಷ್ಠ ನಾಲ್ಕು ಘಟಕಗಳನ್ನು ಗುರುತಿಸಿ ಅಳೆದ ಸಸ್ಯಸಾರವನ್ನು ಔಷಧವೆಂದು ಪರೀಕ್ಷೆಗೆ ಒಡ್ಡಬಹುದು, ಒಂಟಿ ಅಣುವೇ ಆಗಬೇಕೆಂದಿಲ್ಲ. ಚೀನೀ ಮಾತ್ರೆಯಂಥದ್ದು ಇಲ್ಲಿ ಹುಟ್ಟುವುದಿದ್ದರೆ ಈ ಬಾಗಿಲಿನಿಂದಲೇ ಹುಟ್ಟೀತು. ಅತ್ತ ಕಾಶಿ ಕಣಗಿಲೆಗೇ ರಜೆ ಕೊಡುವ ಪ್ರಯತ್ನವೂ ನಡೆದಿದೆ. 2022ರಲ್ಲಿ ಜೇ ಕೀಸ್ಲಿಂಗ್ ಮತ್ತು ಸಂಗಡಿಗರು ಯೀಸ್ಟಿಗೆ ಮೂವತ್ತರಷ್ಟು ಹೆಜ್ಜೆಗಳ ಪಾಠ ಹೇಳಿಕೊಟ್ಟು ವಿನ್‌ಬ್ಲಾಸ್ಟಿನ್‌ನ ಎರಡು ಅರ್ಧಗಳನ್ನು ಅದರಿಂದಲೇ ಮಾಡಿಸಿ, ಜೋಡಿಸಿದರು. ಸಿಕ್ಕಿದ್ದು ತೀರಾ ಅಲ್ಪ. ಸದ್ಯಕ್ಕೆ ಒಣ ಎಲೆಯ ಮೂಟೆಗಳೇ ಗತಿ.

ಹೋದ ತಿಂಗಳು ಊರಿನಿಂದ ದೊಡ್ಡಮ್ಮ ಫೋನ್ ಮಾಡಿದ್ದರು. ಪಕ್ಕದ ಮನೆಯ ಹುಡುಗನಿಗೆ ಎ.ಎಲ್.ಎಲ್., ಬೆಂಗಳೂರಿನಲ್ಲಿ ಕೀಮೋ ಶುರುವಾಗಿದೆ. ನಾನು ಉತ್ಸಾಹದಲ್ಲಿ ಕಾಶಿ ಕಣಗಿಲೆಯ ಕಥೆ ಹೇಳಿಬಿಟ್ಟೆ. “ಅಯ್ಯೋ, ಅದು ಬಾವಿಕಟ್ಟೆ ಹತ್ರಾನೇ ಇದೆಯಲ್ಲೋ! ನಾಲ್ಕು ಎಲೆ ಅರೆದು ಕೊಟ್ರೆ ಆಗಲ್ವೇನೋ?” ಎಂದರು. ಲೆಕ್ಕ ಹಾಕಿ ಹೇಳಿದೆ. ಅಷ್ಟು ದೊಡ್ಡ ಹುಡುಗನಿಗೆ ಒಂದು ಸಲಕ್ಕೆ ಬೇಕಾದದ್ದು ಒಂದೂವರೆ ಮಿಲಿಗ್ರಾಮಿನ ಆಸುಪಾಸು. ಒಂದು ಕಿಲೋ ಒಣ ಎಲೆಯಲ್ಲಿ ಇರುವುದೇ ಕೆಲವು ಮಿಲಿಗ್ರಾಂ. ಹಸಿ ಎಲೆ ಕಿಲೋಗಟ್ಟಲೆ ತಿನ್ನಬೇಕು, ತಿಂದರೂ ಕರುಳು ಅದನ್ನು ಸರಿಯಾಗಿ ಒಳಗೆ ಬಿಡುವುದಿಲ್ಲ, ಜೊತೆಗಿರುವ ನೂರು ವಿಷಗಳು ಮೊದಲು ಮೈಗೆ ಹತ್ತುತ್ತವೆ. ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಪಾಪ, ನಾಲ್ಕು ದಿನದಿಂದ ಹೊಟ್ಟೆ ಕಟ್ಟಿಬಿಟ್ಟಿದೆಯಂತೆ ಮಗೂಗೆ. ಅದಕ್ಕಾದ್ರೂ ಏನಾದ್ರೂ ಕೊಡಬಹುದಾ?” ಎಂದು ಕೇಳಿದರು.

“ಅದು ಆ ಗಿಡದ್ದೇ ಕೆಲಸ ದೊಡ್ಡಮ್ಮಾ. ಏನೂ ಕೊಡಬೇಡಿ, ಇವತ್ತೇ ಡಾಕ್ಟರಿಗೆ ಹೇಳೋಕೆ ಹೇಳಿ” ಎಂದೆ.